ನೌಕಾತಿಥಿ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ‘ಅಥ’ ಎಂದು ತೊಡಗಬೇಕು. ಅಥ. ಪರದೇಶದ ಕಡಲಿನಲ್ಲಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಹಿಡಿದು, ಅದಕ್ಕೆ ತಾನೇ ಕ್ಯಾಪ್ಟನ್ ಆಗಿ ನಿಂತು, ಭಾವಮೈದ, ಷಡ್ಡಕ, ಹಳೆಯ ರೂಮ್‌ಮೇಟ್ ಮುಂತಾದವರನ್ನು ‘ನಡುವೆ ಎಲ್ಲಾದರೂ ಬಂದು ಹತ್ತಿಕೊಳ್ಳಿ’ ಎಂದು ವಾಟ್ಸಾಪಿನಲ್ಲಿ ಕರೆದುಬಿಡುವ ಮನುಷ್ಯನ ಪಾಡೇನು ಎಂಬುದು ಈ ಗ್ರಂಥದ ವಿಷಯ. ಪ್ರಯೋಜನ: ಅವನು ಹಾಗೆ ಕರೆಯದಿರುವುದು, ಕರೆದೇಬಿಟ್ಟಿದ್ದರೆ ಕಾಗದ ಜೋಡಿಸಿಕೊಳ್ಳುವುದು. ಕ್ಷೇತ್ರ: ಪೂರ್ವ ಕೆರಿಬಿಯನ್ನಿನ ವಿಂಡ್‌ವರ್ಡ್ ದ್ವೀಪಗಳು, ಅಂದರೆ ಸೇಂಟ್ ಲೂಸಿಯಾದಿಂದ ದಕ್ಷಿಣಕ್ಕೆ ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್, ಅದರಾಚೆ ಗ್ರೆನಡಾ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರು ಎಂಬ ಸಾಂಪ್ರದಾಯಿಕ ಪ್ರಶ್ನೆಗೆ ಇಲ್ಲಿ ಚರ್ಚೆಯೇ ಬೇಡ: ಕೌಂಟರಿನ ಆಚೆ ಕೂತವರು.

ಪ್ರಮಾಣ ವಿಚಾರ

ಪೂರ್ವಪಕ್ಷಿ ಕೇಳುತ್ತಾನೆ: ಅತಿಥಿ ಕಣ್ಣೆದುರೇ ನಿಂತಿದ್ದಾನೆ, ಬೆವರುತ್ತಿದ್ದಾನೆ, ಕೈಯಲ್ಲಿ ಪಾಸ್‌ಪೋರ್ಟಿದೆ, ಅವನು ಬಂದಿದ್ದಾನೆ ಎನ್ನಲು ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣ ಬೇಕೇ? ಬೇಕು. ಬಂದರು ಕಚೇರಿಯಲ್ಲಿ ಪ್ರತ್ಯಕ್ಷ ಬಲು ದುರ್ಬಲ ಪ್ರಮಾಣ. ಅನುಮಾನ ಮಾಡುವ ಹಕ್ಕು ಅಧಿಕಾರಿಗೆ ಮಾತ್ರ. ಇನ್ನು ಉಳಿದದ್ದು ಶಬ್ದಪ್ರಮಾಣ, ಅದೂ ಬರವಣಿಗೆಯಲ್ಲಿ: ಹಿಂದಿನ ಬಂದರು ಕೊಟ್ಟ ನಿರ್ಗಮನ ಪತ್ರ, ದೋಣಿಯ ನೋಂದಣಿ, ಬಾಡಿಗೆ ಕರಾರು, ಎಲ್ಲರ ಪಾಸ್‌ಪೋರ್ಟು, ಎಲ್ಲಕ್ಕಿಂತ ಮಿಗಿಲಾಗಿ ಕ್ರೂ ಲಿಸ್ಟ್, ಅಂದರೆ ಸಿಬ್ಬಂದಿ ಪಟ್ಟಿ. ಈಚೆಗೆ ಸೈಲ್‌ಕ್ಲಿಯರ್ ಎಂಬ ಜಾಲತಾಣದಲ್ಲಿ ಇವನ್ನೆಲ್ಲ ದೋಣಿಯಲ್ಲೇ ಕೂತು ಮೊದಲೇ ತುಂಬಿ ಕಳಿಸಬಹುದು. ಹಾಗಾದರೆ ಕಚೇರಿಗೆ ಹೋಗುವುದು ತಪ್ಪುತ್ತದೆಯೇ? ಇಲ್ಲ. ತುಂಬಿ ಕಳಿಸಿದ್ದೇನೆ ಎಂದು ಹೇಳುವುದಕ್ಕೆ ಹೋಗಬೇಕು.

ಈ ಶಿಸ್ತಿನ ಒಂದು ಮೂಲ ರೋಗಭಯ. ಆಡ್ರಿಯಾಟಿಕ್ ತೀರದ ರಗೂಸಾ, ಇಂದಿನ ಡುಬ್ರೋವ್ನಿಕ್, 1377ರಲ್ಲೇ ಪ್ಲೇಗಿನ ಊರುಗಳಿಂದ ಬಂದವರು ಒಂದು ತಿಂಗಳು ಹೊರಗಿದ್ದೇ ಒಳಗೆ ಬರಬೇಕೆಂದು ಕಟ್ಟಳೆ ಮಾಡಿತ್ತು. ಆ ವಂಶದ ಕುಡಿ ಇಂದಿನ ಹಳದಿ ಬಾವುಟ. ಒಂದು ಕಾಲಕ್ಕೆ ಹಡಗಿನಲ್ಲಿ ರೋಗವಿದೆ, ದೂರವಿರಿ ಎಂದು ಸಾರುತ್ತಿದ್ದ ಹಳದಿ, ಈಗಿನ ಅಂತರರಾಷ್ಟ್ರೀಯ ಸಂಕೇತಾವಳಿಯಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ, ಒಳಗೆ ಬಿಡಿ ಎನ್ನುತ್ತದೆ. ಇಷ್ಟು ಚೆನ್ನಾಗಿ ಪಕ್ಷಾಂತರ ಮಾಡಿದ ಬಾವುಟ ರಾಜಕೀಯದಲ್ಲೂ ಸಿಗುವುದು ಕಷ್ಟ. ಲಂಗರು ಹಾಕಿ, ಕಂಬದ ಬಲಗಡೆ ಅದನ್ನು ಏರಿಸಿದ ಮೇಲೆ ಕ್ಯಾಪ್ಟನ್ ಒಬ್ಬನೇ ಡಿಂಗಿ ಎಂಬ ಪುಟ್ಟ ದೋಣಿಯಲ್ಲಿ ದಡಕ್ಕೆ ಹೋಗತಕ್ಕದ್ದು. ಠಸ್ಸೆ ಬೀಳುವತನಕ ಉಳಿದವರು, ಕಚೇರಿಯವರೇ ಕರೆಸಿದರೆ ಹೊರತು, ದೋಣಿ ಬಿಟ್ಟು ಇಳಿಯುವಂತಿಲ್ಲ. ನೂರು ಮಾರು ಆಚೆ ತೆಂಗಿನಮರದ ಕೆಳಗೆ ಯಾರೋ ತಣ್ಣನೆಯ ಬಿಯರ್ ಕುಡಿಯುತ್ತಿರುವುದನ್ನು ಷಡ್ಡಕ ಬೈನಾಕ್ಯುಲರಿನಲ್ಲಿ ನೋಡಬಹುದು. ಅದಕ್ಕೆ ಪರವಾನಗಿ ಬೇಕಿಲ್ಲ.

ಅತಿಥಿ–ನಾವಿಕ ಅಭೇದವಾದ

ಶಾಸ್ತ್ರದ ಹೃದಯಭಾಗಕ್ಕೆ ಬಂದೆವು. ಕಡಲ ಸಂಚಾರವನ್ನು ಸುಗಮಗೊಳಿಸುವ ಒಪ್ಪಂದವೊಂದು 1965ರಲ್ಲಿ ಲಂಡನ್ನಿನಲ್ಲಿ ಅಂಗೀಕಾರವಾಯಿತು. ಎಷ್ಟು ಸುಗಮವೆಂದರೆ ಅದರಡಿ ಫಾರಂಗಳಿಗೆ ನಂಬರು ಕೊಡಬೇಕಾಯಿತು. 5ನೆಯದು ಸಿಬ್ಬಂದಿ ಪಟ್ಟಿ, 6ನೆಯದು ಪ್ರಯಾಣಿಕರ ಪಟ್ಟಿ. ದ್ವೀಪಗಳ ಫಾರಂಗಳ ಚಹರೆ ಬೇರೆಬೇರೆ ಇದ್ದರೂ ಈ ದ್ವೈತ ಎಲ್ಲ ಕಡೆಯೂ ಇದೆ. ಈಗ ಭಾವಮೈದನನ್ನು ಎಲ್ಲಿ ಬರೆಯುವುದು?

ಪೂರ್ವಪಕ್ಷ: ಅವನು ಅತಿಥಿ, ಆದ್ದರಿಂದ ಪ್ರಯಾಣಿಕ. ಹಾಗೆ ಬರೆದರೋ, ಪ್ರಯಾಣಿಕನೆಂದರೆ ಹಣ ಕೊಟ್ಟವನು, ಹಣ ತಗೊಂಡವನು ದಂಧೆಯವನು, ದಂಧೆಯ ದೋಣಿಗೆ ಪರವಾನಗಿ ಎಲ್ಲಿ ಎಂದು ಪ್ರಶ್ನೆ ಸಾಲುಗಟ್ಟುತ್ತದೆ. ಸಂಬಳದ ಕ್ಯಾಪ್ಟನ್, ಅಡುಗೆಯವರ ಸಮೇತ ಹಿಡಿದ ದೋಣಿಯಾದರೆ ಅದು ಸರಿಯಾದ ಲೆಕ್ಕವೇ. ಬರೀ ದೋಣಿ ಬಾಡಿಗೆಗೆ ಹಿಡಿದು ತಾವೇ ನಡೆಸುವವರಿಗೆ ಅಲ್ಲ. ಆದ್ದರಿಂದ ಸಿದ್ಧಾಂತ: ಇಂಥ ದೋಣಿಯಲ್ಲಿ ಎಲ್ಲರೂ ಸಿಬ್ಬಂದಿ. ಅತ್ತೆಯೂ ಸಿಬ್ಬಂದಿ, ಅತ್ತೆಯ ತಂಗಿಯೂ ಸಿಬ್ಬಂದಿ. ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತ ವೇದಾಂತಿಗಳಿಗೆ ಪ್ರಿಯ. ಇಲ್ಲಿ ಅದು ತಲೆಕೆಳಗಾಗುತ್ತದೆ: ದೋಣಿಯ ತುಂಬ ಬಿದ್ದಿರುವ ಹಗ್ಗಗಳಲ್ಲಿ ಯಾವುದು ಯಾವುದೆಂದು ಒಂದೂ ತಿಳಿಯದವನನ್ನು ಸರಕಾರವೇ ನಾವಿಕನೆಂದು ಕಾಣುತ್ತದೆ, ಠಸ್ಸೆ ಒತ್ತಿ ಖಚಿತಪಡಿಸುತ್ತದೆ. ವಾಂತಿ ಮಾಡಿಕೊಳ್ಳುತ್ತ ಮಲಗಿರುವಾಗಲೂ ಅವನ ಪದವಿಗೆ ಚ್ಯುತಿಯಿಲ್ಲ.

ಆಕಾಶದಿಂದ ಬಂದು ನೀರಿನಲ್ಲಿ ಹೋಗುವ ಪ್ರಕರಣ

ವಿಮಾನದಲ್ಲಿ ಬಂದವನು ವಿಮಾನದಲ್ಲಿ ಹೋಗಬೇಕು, ದೋಣಿಯಲ್ಲಿ ಬಂದವನು ದೋಣಿಯಲ್ಲಿ. ರಾಜ್ಯವ್ಯವಸ್ಥೆಗೆ ಇದು ಸಹಜಧರ್ಮವೆಂದು ತೋರುತ್ತದೆ. ನಡುವೆ ವಾಹನ ಬದಲಿಸುವವನೇ ಎಲ್ಲ ತೊಡಕಿನ ಬೀಜ.

ತೊಡಕು ಕೆರಿಬಿಯನ್ನಿನಲ್ಲಿ ಅಲ್ಲ, ಬಹು ಹಿಂದೆ, ವಿಮಾನ ಹತ್ತುವ ಊರಿನ ಚೆಕ್‌ಇನ್ ಕೌಂಟರಿನಲ್ಲೇ ಶುರುವಾಗುತ್ತದೆ. ರಿಟರ್ನ್ ಟಿಕೆಟ್ ಎಲ್ಲಿ? ಇಲ್ಲ; ನಾನು ಸೇಂಟ್ ವಿನ್ಸೆಂಟಿನಿಂದ ದೋಣಿಯಲ್ಲಿ ಗ್ರೆನಡಾಕ್ಕೆ ಹೋಗುತ್ತೇನೆ. ದೋಣಿಯ ಟಿಕೆಟ್? ದೋಣಿಗೆ ಟಿಕೆಟ್ ಇರುವುದಿಲ್ಲ, ಅದು ನನ್ನ ಭಾವನದು. ಕೌಂಟರಿನ ಹುಡುಗಿಯ ಬಿಗಿಗೆ ಕಾರಣವಿದೆ: ಆಚೆ ದೇಶ ಒಳಗೆ ಬಿಡದವನನ್ನು ವಾಪಸು ಹೊತ್ತು ತರುವ ಹೊಣೆ ವಿಮಾನ ಕಂಪನಿಯ ಮೇಲೇ ಬೀಳುತ್ತದೆ. ಅವಳು ಕಡಲನ್ನು ನಂಬುವುದಿಲ್ಲ, ಭಾವನನ್ನಂತೂ ಮೊದಲೇ ಇಲ್ಲ. ಈ ರೋಗಕ್ಕೆ ಔಷಧ ಕ್ಯಾಪ್ಟನ್ ಪತ್ರ. ದೋಣಿಯ ಹೆಸರು, ನೋಂದಣಿ ಸಂಖ್ಯೆ, ಈ ದಿನ ಈ ಬಂದರಿನಲ್ಲಿ ಇಂಥ ಪಾಸ್‌ಪೋರ್ಟಿನವರು ಹತ್ತುತ್ತಾರೆ, ಈ ದಿನದೊಳಗೆ ದೇಶ ಬಿಡುತ್ತಾರೆ, ಹೊಣೆ ನನ್ನದು ಎಂದು ಬರೆದು ಸಹಿ ಮಾಡಿದ ಹಾಳೆ. ಜೊತೆಗೆ ಕ್ರೂ ಲಿಸ್ಟಿನ ಪ್ರತಿ. ಅದರ ಮೇಲೆ ದೋಣಿಯ ಹೆಸರಿನ ದುಂಡನೆಯ ರಬ್ಬರ್ ಸ್ಟಾಂಪು ಬಿದ್ದರೆ ಪತ್ರಕ್ಕೆ ಜೀವ ಬರುತ್ತದೆ. ಕಾನೂನು ಸಾಮಾನ್ಯವಾಗಿ ಈ ಸ್ಟಾಂಪನ್ನು ಕೇಳುವುದಿಲ್ಲ. ಆದರೂ ದೂರ ಹಾಯುವವರು ಅದನ್ನು ಲಂಗರಿನಷ್ಟೇ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಠಸ್ಸೆ ಮಾಡಿಸಲು ಓಡಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಸೇಂಟ್ ವಿನ್ಸೆಂಟಿನ ಅರ್ಗೈಲ್ ವಿಮಾನ ನಿಲ್ದಾಣ 2017ರಲ್ಲಿ ತೆರೆಯಿತು. ಅಲ್ಲಿ ಇಳಿದ ಅತಿಥಿಯ ಮುಂದೆ ಇನ್ನೊಂದು ಪ್ರಶ್ನೆ ಬರುತ್ತದೆ: ಎಲ್ಲಿ ಉಳಿಯುತ್ತೀರಿ? ‘ದೋಣಿಯಲ್ಲಿ’ ಎಂಬ ಉತ್ತರ ಸತ್ಯ, ಆದರೆ ಸಾಲದು. ದೋಣಿ ಯಾವುದು, ಯಾವ ಕೊಲ್ಲಿಯಲ್ಲಿದೆ? ಕ್ಯಾಪ್ಟನ್ ನಿನ್ನೆ ಬ್ಲೂ ಲಗೂನಿನಲ್ಲಿದ್ದ. ಇವತ್ತು ಗಾಳಿ ಚೆನ್ನಾಗಿದೆಯೆಂದು ಬೆಕ್ವಿಯಾ ದ್ವೀಪಕ್ಕೆ ಹೋಗಿ ಕೂತಿದ್ದಾನೆ. ಬೆಂಗಳೂರಿನಿಂದ ಬಂದವರಿಗೆ ಇಲ್ಲಿ ಒಂದು ಅನೌಪಚಾರಿಕ ಸೌಲಭ್ಯವುಂಟು. ಅಧಿಕಾರಿ ಕ್ರಿಕೆಟ್ ನೋಡುವ ವಯಸ್ಸಿನವರಾದರೆ, 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ವೆಸ್ಟ್ ಇಂಡೀಸಿನ ಲಾರಾನನ್ನು ಔಟ್ ಮಾಡಿದ ಅನಿಲ್ ಕುಂಬ್ಳೆ ತಮ್ಮ ಊರಿನವರೆಂದು ಹೇಳಿನೋಡಬಹುದು. ಠಸ್ಸೆ ಬೇಗ ಬೀಳುತ್ತದೆಂದು ಶಾಸ್ತ್ರ ಭರವಸೆ ಕೊಡುವುದಿಲ್ಲ. ಲಾರಾ ಅವರ ಕಡೆಯವರು ಎಂಬುದನ್ನು ಮರೆಯಬಾರದು.

ದೇಶಕಾಲ ವಿಚಾರ

ಯೂನಿಯನ್ ದ್ವೀಪ ಸೇಂಟ್ ವಿನ್ಸೆಂಟಿನದು, ಕಾರಿಯಾಕು ಗ್ರೆನಡಾದ್ದು. ಒಂದರಿಂದ ಇನ್ನೊಂದರ ಗುಡ್ಡ ಕಾಣುತ್ತದೆ. ಎರಡರಲ್ಲೂ ಚಲಾವಣೆ ಒಂದೇ ಪೂರ್ವ ಕೆರಿಬಿಯನ್ ಡಾಲರು, 1976ರಿಂದ ಅಮೆರಿಕದ ಡಾಲರಿಗೆ 2.70ರಂತೆ ಕಟ್ಟಿಹಾಕಿದ್ದು. ಮೇಲಿನ ನ್ಯಾಯಾಲಯವೂ ಒಂದೇ. 2024ರ ಜುಲೈ 1ರಂದು ಬಂದ ಬೆರಿಲ್ ಚಂಡಮಾರುತ ಕೂಡ ಭೇದ ಮಾಡದೆ ಎರಡನ್ನೂ ಕೆಡವಿತು. ಆದರೆ ದೋಣಿ ಮಾತ್ರ ಯೂನಿಯನ್ನಿನ ಕ್ಲಿಫ್ಟನ್ನಿನಲ್ಲಿ ದೇಶ ಬಿಟ್ಟೆನೆಂದು ಬರೆಸಿ, ಒಂದೆರಡು ಗಂಟೆ ಹಾಯ್ದು, ಹಳದಿ ಬಾವುಟ ಏರಿಸಿ, ಅದೇ ಹೆಸರುಗಳನ್ನು ಅದೇ ಕ್ರಮದಲ್ಲಿ ಕಾರಿಯಾಕುವಿನ ಟಿರೆಲ್ ಕೊಲ್ಲಿಯಲ್ಲಿ ಮತ್ತೆ ಬರೆಯಬೇಕು. ಭಾನುವಾರವೋ ಸಂಜೆ ನಾಲ್ಕರ ಮೇಲೋ ಹೋದರೆ ಓವರ್‌ಟೈಮ್ ಶುಲ್ಕ ಬೇರೆ. ಅದನ್ನು ಆರು ಜನರ ನಡುವೆ ಹಂಚಿಕೊಳ್ಳುವಾಗ ಹುಟ್ಟುವ ವ್ಯಾಜ್ಯಕ್ಕೆ ಆ ನ್ಯಾಯಾಲಯದಲ್ಲೂ ಪರಿಹಾರವಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಮಾರ್ಟಿನಿಕ್. ಸೇಂಟ್ ಲೂಸಿಯಾದ ಉತ್ತರಕ್ಕೆ, ಆಕಾಶ ತಿಳಿಯಾಗಿದ್ದರೆ ಕಣ್ಣಿಗೇ ಕಾಣುವಷ್ಟು ಹತ್ತಿರ. ಅದು ಫ್ರಾನ್ಸು, ಯೂರೋ ನಡೆಯುತ್ತದೆ, ಐರೋಪ್ಯ ಒಕ್ಕೂಟದೊಳಗೇ ಇದೆ. ಆದರೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದಲ್ಲಿಲ್ಲ. ಪ್ಯಾರಿಸ್ಸಿಗೆಂದು ಪಡೆದ ಷೆಂಗೆನ್ ವೀಸಾ ಇಲ್ಲಿ ತಾನಾಗಿ ಚಲಾವಣೆಯಾಗದು. ನ್ಯೂಜೆರ್ಸಿಯ ಕನ್ನಡ ಕುಟುಂಬವೊಂದರ ದೋಣಿಯನ್ನು ಊಹಿಸಿಕೊಳ್ಳಿ: ಅಲ್ಲೇ ಹುಟ್ಟಿದ ಮಗಳ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟು, ಅಪ್ಪನ ಬಳಿ ಗ್ರೀನ್ ಕಾರ್ಡು ಮತ್ತು ಭಾರತದ್ದು, ಹಾಸನದಿಂದ ಬಂದ ಅಜ್ಜನ ಬಳಿ ಭಾರತದ್ದೊಂದೇ. ಮಗಳು ನೆಗೆದು ಇಳಿಯುತ್ತಾಳೆ. ಅಪ್ಪ, ಅಜ್ಜ ವೀಸಾ ವಿಚಾರಿಸುತ್ತಾರೆ. ಒಂದೇ ದೋಣಿಯಲ್ಲಿ ಕೂತವರೆಲ್ಲ ಒಂದೇ ಎಂಬ ಭಾಷಣಗಳಿಗೆ ಇದಕ್ಕಿಂತ ಒಳ್ಳೆಯ ಖಂಡನೆ ನನಗೆ ಸಿಕ್ಕಿಲ್ಲ.

ಸೇಂಟ್ ಮಾರ್ಟಿನ್ ದ್ವೀಪವನ್ನು ಫ್ರೆಂಚರೂ ಡಚ್ಚರೂ 1648ರಲ್ಲೇ ಹಂಚಿಕೊಂಡರು. ರಸ್ತೆಯಲ್ಲಿ ಆಚೆಗೆ ಹೋದರೆ ಕೇಳುವವರಿಲ್ಲ. ದೋಣಿ ಸುತ್ತುಹಾಕಿ ಹೋದರೆ ಎರಡೂ ಕಡೆ ಕಾಗದ. ಕ್ಷೇತ್ರದ ಹೊರಗಿನದಾದ್ದರಿಂದ ಬರೀ ಸೂಚಿಸಿ ಮುಂದೆ ಹೋಗುತ್ತೇನೆ.

ಸುಂಕ ಪ್ರಕರಣ

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂಬ ನಮ್ಮವರ ಸೂತ್ರಕ್ಕೆ ಭಾಷ್ಯ ಬೇಕಾದರೆ ಅತಿಥಿಯ ಸೂಟ್‌ಕೇಸ್ ಬಿಚ್ಚಬೇಕು. ಅದರಲ್ಲಿ ಅವನದೆಂಬುದು ಎರಡು ಚಡ್ಡಿ. ಒಂದು ಮಿಲಿಟರಿ ಚಿತ್ತಾರದ್ದು. ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್, ಗ್ರೆನಡಾ ಮೂರರಲ್ಲೂ ಸೈನಿಕರಲ್ಲದವರು ಆ ಬಟ್ಟೆ ತೊಡುವುದು ಅಪರಾಧ. ಉಳಿದದ್ದೆಲ್ಲ ಪರಾರ್ಥ: ಅಕ್ಕ ಕೊಟ್ಟುಕಳಿಸಿದ ಚಟ್ನಿಪುಡಿ, ಅದರ ಮಗ್ಗುಲಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಸಿ ಕರಿಬೇವು. ಪುಡಿ ಪಾರಾದೀತು. ಕರಿಬೇವು ನಿಂಬೆ, ಕಿತ್ತಳೆಗಳ ಕುಲದ್ದು. ಆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಜಿಗಿಹುಳುವಿಗೆ ಆಶ್ರಯ. ಹಸಿ ಸೊಪ್ಪೆಂದರೆ ಸಸ್ಯ ಅಧಿಕಾರಿಗಳು ಸುಮ್ಮನಿರುವುದಿಲ್ಲ. ‘ಒಗ್ಗರಣೆಗೆ ಅಷ್ಟೇ ಸಾರ್’ ಎಂಬ ವಾದ ಯಾವ ದ್ವೀಪದಲ್ಲೂ ಎತ್ತಿಹಿಡಿಯಲ್ಪಟ್ಟಿಲ್ಲ ಎಂದು ಧೈರ್ಯವಾಗಿ ಬರೆಯುತ್ತೇನೆ.

ತಳದಲ್ಲಿ ದೋಣಿಯ ಬಿಡಿಭಾಗ. ದೇಶ ದಾಟಿಹೋಗುವ ವಿದೇಶಿ ದೋಣಿಯ ಬಿಡಿಭಾಗಕ್ಕೆ ಸುಂಕ ಬಿಡುವ ಪದ್ಧತಿ ಈ ದ್ವೀಪಗಳಲ್ಲಿದೆ. ಆದರೆ ಅದಕ್ಕೆ ಬಿಲ್ಲು ಬೇಕು, ದೋಣಿಯ ಪತ್ರ ಬೇಕು, ಮುಖ್ಯವಾಗಿ ಕೇಳುವ ಮೊದಲೇ ಹೇಳಬೇಕು. ಸ್ಥಳೀಯ ಕಂಪನಿಯಿಂದ ಬಾಡಿಗೆಗೆ ಹಿಡಿದ ದೋಣಿ ಆ ಲೆಕ್ಕಕ್ಕೆ ಬಾರದು. ಅತಿಥಿಗೆ ಕೈಯಲ್ಲಿರುವ ರಬ್ಬರ್ ಚಕ್ರ ಏನೆಂದೇ ಗೊತ್ತಿಲ್ಲ. ಭಾವ ತರಲು ಹೇಳಿದರು, ತಂದೆ. ಸುಂಕಶಾಸ್ತ್ರದಲ್ಲಿ ಇಂಥ ಪ್ರಾಮಾಣಿಕ ಉತ್ತರಕ್ಕಿಂತ ಸಂಶಯಾಸ್ಪದವಾದದ್ದು ಇನ್ನೊಂದಿಲ್ಲ.

ನಿರ್ಗಮನ

ಹತ್ತಿಸಿಕೊಂಡವನನ್ನು ಇಳಿಸುವಾಗಲೂ ಬರೆಸಬೇಕು. ಗೆಳೆಯನಿಗೆ ಆಫೀಸಿನಿಂದ ಕರೆ ಬಂತು, ನಡುವೆಯೇ ವಿಮಾನ ಹಿಡಿದು ಹೊರಟ. ಕ್ಯಾಪ್ಟನ್ ಅವನನ್ನು ಟಿಕೆಟ್ ಸಮೇತ ಇಮಿಗ್ರೇಷನ್ನಿಗೆ ಕರೆದೊಯ್ದು ಪಟ್ಟಿಯಿಂದ ಹೆಸರು ತೆಗೆಸಲಿಲ್ಲ. ವಾರದ ಕೊನೆಗೆ ಅಧಿಕಾರಿ ಮದುವೆ ಬಸ್ಸಿನ ತಲೆ ಎಣಿಸುವ ಚಿಕ್ಕಪ್ಪನಂತೆ ಬೆರಳು ಮಡಿಸುತ್ತಾರೆ. ಬಂದವರು ಆರು, ಹೋಗುವವರು ಐದು. ಇನ್ನೊಬ್ಬರನ್ನು ಏನು ಮಾಡಿದಿರಿ? ಸಿಬ್ಬಂದಿಯೆಂದು ಬರೆಸಿದವನನ್ನು ದೇಶದಾಚೆ ದಾಟಿಸುವ ಹೊಣೆ ಕ್ಯಾಪ್ಟನ್ನಿನದು, ಖರ್ಚೂ ಅವನದೇ. ಕಡಲಿನ ಮಧ್ಯೆ ಒಬ್ಬ ಕಡಿಮೆಯಾದುದಕ್ಕೆ ಅಪಘಾತ, ಕೊಲೆ, ಆಫೀಸಿನ ಕರೆ ಎಂಬ ಮೂರು ಕಾರಣಗಳಿರಬಹುದಾಗಿ, ಮೂರನೆಯದನ್ನು ಸಾಧಿಸುವುದೇ ಎಲ್ಲಕ್ಕಿಂತ ಕಷ್ಟ.

ಗ್ರೆನಡಾದಿಂದ ವಿಮಾನ ಹತ್ತುವ ಅತಿಥಿ ಜಾಯಿಕಾಯಿ ಕೊಳ್ಳದೆ ಹೊರಡುವುದಿಲ್ಲ. ಆ ದೇಶದ ಬಾವುಟದ ಮೇಲೇ ಅದರ ಚಿತ್ರವಿದೆ. ಶಿರಸಿ ಕಡೆಯವನು, ಮನೆಯ ಹಿಂದಿನ ತೋಟದಲ್ಲೇ ಜಾಯಿಕಾಯಿ ಬೆಳೆಯುವವನು ಕೂಡ ಅರ್ಧ ಕಿಲೋ ಕಟ್ಟಿಸಿಕೊಂಡ. ಬೆಂಗಳೂರಿನಲ್ಲಿ ಇಳಿದು ಅದನ್ನು ಕಸ್ಟಮ್ಸಿನವರಿಗೆ ಏನೆಂದು ವಿವರಿಸಬೇಕು, ಮನೆಯಲ್ಲಿ ಏನೆಂದು ವಿವರಿಸಬೇಕು ಎಂಬುವು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.