ಆಳು ಕಾಯುವುದೋ, ಜಾಗ ಕಾಯುವುದೋ

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಇರುವುದು ಗೊಬ್ಬರ ಗಿಡದ ಗೂಟಕ್ಕೆ ತೆಂಗಿನ ಮಡಲು ಕಟ್ಟಿದ ಬೇಲಿ. ಎದೆಮಟ್ಟಕ್ಕೆ ಬರುತ್ತದೆ, ಮೊಣಕೈ ಊರಿ ಮಾತಾಡಲಿಕ್ಕೆ ಹದವಾದ ಎತ್ತರ. ಫೆಬ್ರವರಿಯ ಆ ಸೋಮವಾರ ಶರಾವತಿಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಪಾತ್ರೆ ತೊಳೆದ ನೀರನ್ನು ಬಸಳೆ ಬುಡಕ್ಕೆ ಹೊಯ್ಯುತ್ತಿದ್ದೆ. ಬೇಲಿಯಾಚೆಯಿಂದ ಅಣ್ಣ ಕೇಳಿದರು, "ಎಂತದು ಅಕ್ಕೋರೆ, ಕೋಳಿ ಕೂಗೂಕೆ ಮೊದಲೇ ನಿಮ್ಮನೇಲಿ ಗಲಾಟೆ?"

"ಅಮೆರಿಕದ ಫುಟ್‌ಬಾಲು ಅಣ್ಣ. ಸೂಪರ್ ಬೌಲ್ ಅಂತ, ಅವರ ವರ್ಷದ ಕೊನೇ ಮ್ಯಾಚು. ಅಲ್ಲಿ ಭಾನುವಾರ ಸಂಜೆ, ನಮಗೆ ಸೋಮವಾರ ಬೆಳಗಿನ ಐದು ಗಂಟೆ. ನ್ಯೂಜೆರ್ಸಿಯಿಂದ ಮೊಮ್ಮಗ ಫೋನಿನಲ್ಲಿ ತೋರಿಸ್ತಿದ್ದ."

ಒಡಹುಟ್ಟಿದ ಅಣ್ಣ ಅಲ್ಲ, ನಾನು ಈ ಮನೆಗೆ ಬಂದಂದಿನಿಂದ ಹಾಗೆ ಕರೆಯುವುದು ರೂಢಿ. ಹರೆಯದಲ್ಲಿ 15 ವರ್ಷ ಕಬಡ್ಡಿ ಆಡಿದವರು, ಲೆಫ್ಟ್ ಕಾರ್ನರ್. ಭಟ್ಕಳದಿಂದ ಕುಮಟೆಯವರೆಗೆ ಎಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಇದ್ದರೂ ಹೋಗಿ ಬಂದವರು. ಈಗ ಮಂಡಿ ಬಗ್ಗುವುದಿಲ್ಲ, ಆದರೆ ಕಾರ್ನರ್‌ನವನ ಕಣ್ಣು ಹಾಗೇ ಉಳಿದಿದೆ. ದಣಪೆ ದಾಟಿ ಯಾರೇ ಬರಲಿ, ಅಣ್ಣ ಮೊದಲು ನೋಡುವುದು ಅವರ ಕಾಲನ್ನು.

ಹೋದ ವರ್ಷ ಮಗಳ ಮನೆಯಲ್ಲಿ ಆರು ತಿಂಗಳು ಇದ್ದಾಗ ಮೊಮ್ಮಗನ ಪಕ್ಕ ಕೂತು ನಾನು ಕಲಿತ ಆಟ ಈ ಅಮೆರಿಕದ ಫುಟ್‌ಬಾಲು. ನನಗೆ ಹಿಡಿಸಿದ್ದು ಚೆಂಡು ಎಸೆಯುವವರಲ್ಲ, ಕಾಯುವವರು. ಅದನ್ನೇ ಅಣ್ಣನಿಗೆ ಹೇಳಲಿಕ್ಕೆ ಶುರುಮಾಡಿದೆ. ಒಂದು ಕಡೆಗೆ ಹನ್ನೊಂದು ಜನ. ಎದುರಿನ ತಂಡದಲ್ಲಿ ಚೆಂಡು ಎಸೆಯುವವನು ಒಬ್ಬ, ಕ್ವಾರ್ಟರ್‌ಬ್ಯಾಕ್. ಅವನ ಕಡೆಯ ನಾಲ್ಕೈದು ಜನ ಓಡಿಹೋಗಿ ಚೆಂಡು ಹಿಡಿಯಬೇಕು. ಕಾಯುವ ಹನ್ನೊಂದರಲ್ಲಿ ಸಾಮಾನ್ಯವಾಗಿ ನಾಲ್ವರು ಎಸೆಯುವವನ ಮೇಲೆ ನುಗ್ಗುತ್ತಾರೆ. ಉಳಿದವರು ಹಿಂದೆ ನಿಂತು ಮೈದಾನ ಕಾಯುತ್ತಾರೆ.

ಅಣ್ಣ ಬೆರಳು ಮಡಚಿದರು. "ಹನ್ನೊಂದರಲ್ಲಿ ನಾಲ್ಕು ಹೋದ್ರೆ ಏಳು. ಏಳೇ ಜನ! ಹಂಗಾದ್ರೆ ನಮ್ಮ ಆಟನೇ ಅಲ್ದಾ?"

ನನಗೆ ಅದು ಹೊಳೆದೇ ಇರಲಿಲ್ಲ. ಹೆಸರುಗಳೂ ಹೊಂದುತ್ತವೆ. ನಮ್ಮಲ್ಲಿ ಕಾರ್ನರ್, ಕವರ್. ಅವರಲ್ಲೂ ಅಂಚು ಕಾಯುವವನು ಕಾರ್ನರ್‌ಬ್ಯಾಕ್, ಕಾಯುವ ಕ್ರಮಕ್ಕೇ ಕವರ್ ಎಂದು ಹೆಸರು. ಜಾಗದಲ್ಲಿ ಮಾತ್ರ ಅಜಗಜಾಂತರ. ಕಬಡ್ಡಿಯ ಏಳು ಜನರಿಗೆ ನಡುಗೆರೆಯಿಂದ ಹಿಂದಿನ ಗೆರೆಗೆ ಆರೂವರೆ ಮೀಟರ್, ಅಗಲಕ್ಕೆ ಲಾಬಿ ಸೇರಿ 10 ಮೀಟರ್. ಅಲ್ಲಿ ಅಗಲವೇ ಹತ್ತಿರ ಹತ್ತಿರ 49 ಮೀಟರ್. ನಮ್ಮಲ್ಲಿ ಬರುವವನು ಒಬ್ಬ, ಅಲ್ಲಿ ಐವರು.

"ಅಷ್ಟು ದೊಡ್ಡ ಬಯಲು ಏಳು ಜನ ಹೆಂಗೆ ಕಾಯ್ತಾರೆ?"

ಎರಡು ದಾರಿ. ಒಂದು, ಆಳು ಕಾಯುವುದು. ನಿನಗೆ ಇವನು, ನನಗೆ ಅವನು ಎಂದು ಹಂಚಿಕೊಂಡು, ಅವನು ನೀರಿಗೆ ಇಳಿದರೂ ಹಿಂದೆ ಇಳಿಯಬೇಕು. ಅದಕ್ಕೆ ಮ್ಯಾನ್ ಟು ಮ್ಯಾನ್ ಅನ್ನುತ್ತಾರೆ. ಇನ್ನೊಂದು, ಜಾಗ ಕಾಯುವುದು. ಬಯಲನ್ನು ತುಂಡು ಮಾಡಿ, ನನ್ನ ತುಂಡಿಗೆ ಬಂದವನು ನನ್ನವನು, ದಾಟಿಹೋದರೆ ಮುಂದಿನವನಿಗೆ ಒಪ್ಪಿಸಿದೆ. ಅದು ಜೋನ್. ಆಳು ಕಾಯುವವನಿಗೆ ಎಸೆಯುವವನು ಕಾಣುವುದಿಲ್ಲ, ಬೆನ್ನು ತಿರುಗಿರುತ್ತದೆ. ಜಾಗ ಕಾಯುವವನು ಎಸೆಯುವವನ ಕಣ್ಣನ್ನೇ ನೋಡುತ್ತಾನೆ. ಚೆಂಡನ್ನು ನಡುವೆ ಬಾಯಿ ಹಾಕಿ ಕಿತ್ತುಕೊಳ್ಳುವುದು ಹೆಚ್ಚಾಗಿ ಅವನೇ.

"ಗಾಳ ಮತ್ತು ಬಲೆ," ಅಂದರು ಅಣ್ಣ. "ಗಾಳದಲ್ಲಿ ಒಂದು ಮೀನಿನ ಹಿಂದೆ ಒಬ್ಬ. ಬಲೆಗೆ ಜಾಗ ಮುಖ್ಯ."

ಅವರ ಒಲವು ಗಾಳದ ಕಡೆಗೆ, ನನಗೆ ಗೊತ್ತಿತ್ತು. ಕಾರ್ನರ್‌ನವರೆಲ್ಲ ಹಾಗೇ. ರೈಡರ್ ಬೋನಸ್ ಗೆರೆಗೆಂದು ಕಾಲು ಚಾಚುವ ಆ ಅರೆಗಳಿಗೆಯಲ್ಲಿ ಬಿದ್ದು ಹರಡು ಹಿಡಿಯುವುದು ಒಬ್ಬನ ಕೆಲಸ, ಒಬ್ಬನ ಹೆಸರು. 2018ರ ಜಕಾರ್ತ ಏಷ್ಯನ್ ಗೇಮ್ಸ್ ಬಗ್ಗೆ ಅಣ್ಣ ಈಗಲೂ ಮಾತಾಡುತ್ತಾರೆ. 1990ರಿಂದ ಒಂದು ಬಾರಿಯೂ ಚಿನ್ನ ಬಿಟ್ಟುಕೊಡದಿದ್ದ ನಮ್ಮ ಗಂಡಸರ ತಂಡವನ್ನು ಸೆಮಿಫೈನಲ್‌ನಲ್ಲಿ ಇರಾನ್ 27–18ರಿಂದ ಸೋಲಿಸಿತು. ಆ ತಂಡದ ಫಜಲ್ ಅತ್ರಾಚಲಿ ಲೆಫ್ಟ್ ಕಾರ್ನರ್. "ಸೋತ ಬೇಜಾರು ಒಂದು ಕಡೆ. ಆದ್ರೆ ಅವನ ಹಿಡಿತ ನೋಡೂಕೆ ಪುಣ್ಯ ಬೇಕು."

ನಾನು ರೆವಿಸ್‌ನ ಕಥೆ ಹೇಳಿದೆ. ಡ್ಯಾರೆಲ್ ರೆವಿಸ್, ನ್ಯೂಯಾರ್ಕ್ ಜೆಟ್ಸ್ ತಂಡದ ಕಾರ್ನರ್‌ಬ್ಯಾಕ್. 2009ರಲ್ಲಿ ಪ್ರತಿ ವಾರ ಎದುರು ತಂಡದ ಅತ್ಯುತ್ತಮ ಓಟಗಾರನನ್ನು ಅವನಿಗೆ ವಹಿಸಿ, ಬೆನ್ನಿಗೆ ಯಾರನ್ನೂ ಕೊಡದೆ ಬಿಟ್ಟರು. ಆ ಸೆಪ್ಟೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ತಂಡದ ರ‍್ಯಾಂಡಿ ಮಾಸ್, ಆ ಕಾಲದ ಅತಿ ಭಯಂಕರ ಓಟಗಾರರಲ್ಲಿ ಒಬ್ಬ, ಇಡೀ ಮ್ಯಾಚಿನಲ್ಲಿ ಗಳಿಸಿದ್ದು 24 ಗಜ. ಜೆಟ್ಸ್ 16–9ರಿಂದ ಗೆದ್ದಿತು. ಹಾಗೆ ಒಂಟಿಯಾಗಿ ಕಾಯುವವನು ದ್ವೀಪದಲ್ಲಿದ್ದಾನೆ ಎನ್ನುವುದು ಆ ಆಟದ ಮಾತು. ಇವನು ನಿಂತ ಜಾಗಕ್ಕೆ ಜನ ರೆವಿಸ್ ಐಲ್ಯಾಂಡ್ ಎಂದೇ ಹೆಸರಿಟ್ಟರು.

"ರೆವಿಸ್ ಕುರ್ವೆ!" ಅಣ್ಣನಿಗೆ ಬಹಳ ಖುಷಿಯಾಯಿತು.

ನನಗೆ ಆ ಹೋಲಿಕೆ ಪೂರ್ತಿ ಒಪ್ಪುವುದಿಲ್ಲ. ದಕ್ಷಿಣದವರು ಕುದುರು ಅನ್ನುವುದನ್ನು ನಾವು ಕುರ್ವೆ ಅನ್ನುತ್ತೇವೆ. ಸುತ್ತ ನೀರು ಇದೆ, ನಿಜ. ಆದರೆ ಕುರ್ವೆಯಲ್ಲಿ ಹುಟ್ಟಿ ಬೆಳೆದ ಯಾರಿಗೆ ಒಂಟಿತನ ಗೊತ್ತು? ಯಾರ ಮನೆಯಲ್ಲಿ ಮೀನು ಹುರಿದರು, ಯಾರ ಮಗ ರಜೆಗೆ ಬಂದ, ಎಲ್ಲ ಎಲ್ಲರ ಕಣ್ಣಲ್ಲಿರುತ್ತದೆ. ನೆರೆ ಬಂದರೆ ಯಾರ ದೋಣಿಗೆ ಯಾರು ಹತ್ತುವುದು ಎಂದು ಯಾರೂ ಕೇಳುವುದಿಲ್ಲ. ನಮ್ಮದು ಜಾಗ ಕಾಯುವ ಊರು. ರೆವಿಸ್‌ನ ದೊಡ್ಡ ಕೊಡುಗೆಯೂ ನನ್ನ ಕಣ್ಣಿಗೆ ಅದೇ. ಅವನೊಬ್ಬ ಒಂದು ಬದಿ ಹೊತ್ತುಕೊಂಡದ್ದಕ್ಕೆ ಉಳಿದವರು ಇನ್ನೊಂದು ಬದಿಗೆ ಸರಿದು ಒಬ್ಬರಿಗೊಬ್ಬರು ಆಗಲಿಕ್ಕೆ ಸಾಧ್ಯವಾಯಿತು.

"ಜಾಗ ಕಾಯೂದು ಸುಲಭ ಅಕ್ಕೋರೆ. ನಿಂತಲ್ಲೇ ನಿಂತ್ರಾಯ್ತು."

ಇದನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಆಳು ಕಾಯುವವನು ತಪ್ಪಿದರೆ ಯಾರ ತಪ್ಪು ಎಂದು ಊರಿಗೇ ಗೊತ್ತು. ಜೋನ್ ತಪ್ಪುವುದು ಆಳಿನ ಹತ್ತಿರ ಅಲ್ಲ, ಬೇಲಿಯ ಹತ್ತಿರ. ನನ್ನ ತುಂಡು ಮುಗಿದು ನಿನ್ನ ತುಂಡು ಶುರುವಾಗುವ ಸಂದಿನಲ್ಲಿ. ಎಸೆಯುವವರು ಹುಡುಕುವುದು ಆ ಸಂದನ್ನೇ. ಅಲ್ಲಿಗೆ ಒಬ್ಬನನ್ನು ಓಡಿಸುತ್ತಾರೆ, ಇಬ್ಬರು ಕಾಯುವವರೂ ಅವನನ್ನು ನೋಡುತ್ತಾರೆ, ಅವನು ನಿನ್ನವನು ಎಂದು ಇಬ್ಬರೂ ಅಂದುಕೊಳ್ಳುತ್ತಾರೆ, ಚೆಂಡು ಇಬ್ಬರ ನಡುವೆ ಇಳಿಯುತ್ತದೆ.

ಬೇಲಿಯ ಆ ತುದಿ ತೋರಿಸಿದೆ. ಸಂಪಿಗೆ ಮರದ ಬುಡದಲ್ಲಿ ಅವರ ಮಡಲು ಮುಗಿದು ನಮ್ಮ ಮಡಲು ಶುರುವಾಗುವಲ್ಲಿ ಒಂದೂವರೆ ಮೊಳದ ಜಾಗ. ಹೋದ ಕಾರ್ತೀಕದಲ್ಲಿ ಅಲ್ಲಿಂದ ಕರು ನುಗ್ಗಿ, ನಾನು ಮಡಿ ಮಾಡಿ ಬೆಳೆಸಿದ್ದ ಕೆಂಪು ಹರಿವೆಯನ್ನು ಒಂದೇ ಮಧ್ಯಾಹ್ನಕ್ಕೆ ಬೋಳಿಸಿತ್ತು. ಅಣ್ಣ ಕಟ್ಟುತ್ತಾರೆ ಎಂದು ನಾನು ಸುಮ್ಮನಿದ್ದೆ. ಅಕ್ಕೋರು ಆಳು ಕರೆಸುತ್ತಾರೆ ಎಂದು ಅವರು ಸುಮ್ಮನಿದ್ದರು. ಇಬ್ಬರೂ ದಿನಾ ಆ ಸಂದನ್ನು ನೋಡುತ್ತಿದ್ದೆವು.

ಅಣ್ಣ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, "ರಂಪಣಿಯಲ್ಲೂ ಹಂಗೇ," ಅಂದರು. "ಎಷ್ಟೋ ತುಂಡು ಬಲೆ ಜೋಡಿಸಿ ಒಂದು ರಂಪಣಿ. ಬಲೆ ಹರಿದ್ರೆ ಕಾಣ್ತದೆ. ಜೋಡಿಸಿದಲ್ಲಿ ಸಡಿಲಾದ್ರೆ ಮೀನಿಗೆ ಮಾತ್ರ ಗೊತ್ತಾಗ್ತದೆ."

ಅಮೆರಿಕದ ಆಟದಲ್ಲಿ ಟ್ಯಾಂಪಾ ತಂಡದವರು ಅಂಥ ಸಂದು ಮುಚ್ಚಿದ ರೀತಿ ಚಂದ. ಹಿಂದಿನ ಬಯಲನ್ನು ಎರಡು ಭಾಗ ಮಾಡಿ ಇಬ್ಬರಿಗೆ ಕೊಟ್ಟರೆ ಅದಕ್ಕೆ ಕವರ್ 2 ಎಂದು ಹೆಸರು. ಸಂದು ಬೀಳುವುದು ಸರಿಯಾಗಿ ನಡುವೆ. ಕೋಚ್ ಟೋನಿ ಡಂಜಿ ಮತ್ತು ಅವರ ಜೊತೆಗಾರ ಮಾಂಟಿ ಕಿಫಿನ್, ಮುಂದೆ ನಡುವೆ ನಿಂತವನಿಗೇ ಚೆಂಡು ಎದ್ದ ಕೂಡಲೇ ಹಿಂದಕ್ಕೆ ಓಡಿ ಆ ಸಂದಿಗೆ ಬೀಳಲು ಕಲಿಸಿದರು. 2003ರ ಜನವರಿ 26ರ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದವನು ಆ ವರ್ಷದ ಶ್ರೇಷ್ಠ ಆಟಗಾರ ಎನಿಸಿಕೊಂಡಿದ್ದ ರಿಚ್ ಗ್ಯಾನನ್. ಅಷ್ಟರಲ್ಲಿ ಡಂಜಿ ಟ್ಯಾಂಪಾ ಬಿಟ್ಟಾಗಿತ್ತು, ಕಲಿಸಿದ್ದು ಉಳಿದಿತ್ತು. ಗ್ಯಾನನ್ ಎಸೆದ ಐದು ಚೆಂಡನ್ನು ಟ್ಯಾಂಪಾದವರು ಕಿತ್ತುಕೊಂಡರು, ಅದರಲ್ಲಿ ಮೂರನ್ನು ಹೊತ್ತು ಓಡಿ ಗಡಿ ಮುಟ್ಟಿಸಿದರು. 48–21.

"ನಾವು ಸಂದು ಮುಚ್ಚೂಕೆ ಓಡೂದಿಲ್ಲ," ಅಂದು ಅಣ್ಣ ಬೇಲಿಯ ಮೇಲಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. "ಹಿಂಗೆ. ಚೈನು."

ಒಣಗಿದ ಬೆರಳು, ಹಿಡಿತ ಮಾತ್ರ ಕಬ್ಬಿಣ. ಕಾರ್ನರ್‌ನವನೂ ಪಕ್ಕದವನೂ ಕೈ ಹಿಡಿದರೆ ನಡುವೆ ಸಂದೇ ಇಲ್ಲ. ರೈಡರ್ ಆ ಕಡೆ ಹೊರಳಿದರೆ ಇಬ್ಬರೂ ಒಂದೇ ಬಾಗಿಲಿನ ಹಾಗೆ ತಿರುಗುತ್ತಾರೆ. ಅಮೆರಿಕದವರಿಗೆ ಈ ಅನುಕೂಲ ಇಲ್ಲ, ಅಷ್ಟು ದೂರದಿಂದ ಅವರು ಕೂಗಿ, ಕೈಸನ್ನೆ ಮಾಡಿ ಒಪ್ಪಿಸಿಕೊಳ್ಳಬೇಕು. "ಆದ್ರೆ ಚೈನಿಗೂ ಬೆಲೆ ಇದೆ," ಅಂದರು. "ರೈಡರ್ ಬಿಡಿಸಿಕೊಂಡು ಗೆರೆ ಮುಟ್ಟಿದ್ರೆ ಅವನ ಮೈ ತಾಗಿದವರೆಲ್ಲ ಔಟ್. ಒಬ್ಬನೇ ಬಿದ್ರೆ ಒಬ್ಬನೇ ಹೋಗ್ತಿದ್ದ."

ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ನೆನಪಾದರು. 2001ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಆಟಗಾರ, ಆಮೇಲೆ ಕೋಚ್. 2024ರ ಮಾರ್ಚ್ 1ರಂದು ಪ್ರೊ ಕಬಡ್ಡಿ ಫೈನಲ್‌ನಲ್ಲಿ ಅವರ ಪುಣೇರಿ ಪಲ್ಟನ್ ಹರಿಯಾಣವನ್ನು 28–25ರಿಂದ ಸೋಲಿಸಿದ್ದನ್ನು ನಾವಿಬ್ಬರೂ ನಮ್ಮ ಜಗಲಿಯಲ್ಲೇ ನೋಡಿದ್ದೆವು. ಕಾರ್ನರ್‌ನಲ್ಲಿ ಇರಾನಿನ ಶಾದ್‌ಲೂಯಿ ಇದ್ದ, ಹಿಡಿತಗಾರರಲ್ಲಿ ಹಿಡಿತಗಾರ. ಆದರೂ ನನಗೆ ಕಂಡದ್ದು ಏಳು ಜನ ಒಂದೇ ಉಸಿರಿನಲ್ಲಿ ಮುಂದೆ ಹಿಂದೆ ಸರಿಯುತ್ತಿದ್ದ ಬಗೆ.

ಅಣ್ಣ ಇನ್ನೊಂದು ಮಾತು ಸೇರಿಸಿದರು. ಕೋರ್ಟಿನಲ್ಲಿ ಏಳು ಜನ ಇರುವವರೆಗೆ ಜಾಗದ ಮಾತು. ಮೂವರು, ಇಬ್ಬರು ಉಳಿದಾಗ ಚೈನೂ ಇಲ್ಲ ಕವರೂ ಇಲ್ಲ, ಅವನು ಇವನು ಅಷ್ಟೇ. ಅದಕ್ಕೇ ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್ ಎಂದು ಒಂದು ಅಂಕ ಹೆಚ್ಚು. ಅಲ್ಲೂ ಲೆಕ್ಕ ಅದೇ. ಎಸೆಯುವವನ ಮೇಲೆ ಆರೇಳು ಜನ ನುಗ್ಗಿದರೆ ಹಿಂದೆ ಉಳಿದವರಿಂದ ಬಯಲು ತುಂಬುವುದಿಲ್ಲ, ಆಳು ಹಿಡಿಯದೆ ದಾರಿಯಿಲ್ಲ. ಅದರ ಮೇಲೆ 1978ರಿಂದ, ಐದು ಗಜ ದಾಟಿದ ಓಟಗಾರನ ಮೈ ಮುಟ್ಟಿ ತಡೆಯುವ ಹಾಗಿಲ್ಲ ಎಂಬ ನಿಯಮ. ಮೈ ಮುಟ್ಟದೆ ಆಳು ಕಾಯುವುದು! ಅಣ್ಣ ತಲೆ ಕೊಡವಿದರು.

"ಎಸೆಯೋನಿಗೆ ಹೆಂಗೆ ಗೊತ್ತಾಗ್ತದೆ, ಇವರು ಆಳು ಕಾಯ್ತಾರಾ, ಜಾಗ ಕಾಯ್ತಾರಾ ಅಂತ?"

ಅದನ್ನು ಬಾಯಲ್ಲಿ ಹೇಳಲಿಲ್ಲ. ಒಳಗಿಂದ ಫೋನ್ ತಂದು, ಮೊಮ್ಮಗ ಕಳಿಸಿದ್ದ ತುಣುಕನ್ನು ಬೇಲಿಯ ಮೇಲೆ ಇಟ್ಟೆ. ಅಣ್ಣ ಕನ್ನಡಕ ಹಣೆಗೇರಿಸಿ ಬಗ್ಗಿದರು. ಎರಡು ಸಾಲು ಎದುರುಬದುರು ನಿಂತಿದೆ. ಚೆಂಡು ನೆಲದಲ್ಲಿದೆ. ಎಡತುದಿಯ ಓಟಗಾರ ಒಬ್ಬ ಸಾಲಿನ ಹಿಂದೆ ಸಾವಕಾಶ ಓಡಿ ಬಲತುದಿಗೆ ಹೊರಟ.

ಅಣ್ಣನ ಕಣ್ಣು ಅವನ ಮೇಲಿರಲಿಲ್ಲ, ಅವನ ಎದುರು ನಿಂತಿದ್ದವನ ಕಾಲಿನ ಮೇಲಿತ್ತು. ಆ ಕಾಲು ಕದಲಲಿಲ್ಲ. ಪಕ್ಕದವನು ಕೈ ತೋರಿಸಿದ, ಅಷ್ಟೇ.

"ಯಾರೂ ಬೆನ್ನು ಹತ್ತಲಿಲ್ಲ," ಅಂದರು ಅಣ್ಣ. "ಜಾಗ ಕಾಯ್ತಾರೆ."

ಚೆಂಡು ಇನ್ನೂ ಎದ್ದಿರಲಿಲ್ಲ.