ಬೇಲಿಯಾಚೆಯ ಗೌಡರು, ಬೇಲಿಯೀಚೆಯ ಸೈಲೆನ್ಸರು

ನಮ್ಮ ಗ್ಯಾರೇಜಿನ ಬಾಗಿಲು ಮೇಲೆದ್ದರೆ ಸಾಕು, ಬೇಲಿಯಾಚೆ ಗೌಡರು ಹಾಜರು. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಆರೆಗಾನಿಗೆ ಬಂದವರು. ಹಾಸನದ ಕಡೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿ ಆಯುಷ್ಯ ಸವೆಸಿದ ಜೀವ. ಕೈಗೆ ಗ್ರೀಸು ಹತ್ತದೆ ಇಲ್ಲಿ ಹೊತ್ತು ಹೋಗುವುದಿಲ್ಲ.

"ಏನಪ್ಪಾ, ವಿಮಾನ ಎಲ್ಲಿಗೆ ಬಂತು?"

"ಎಂಜಿನ್ ಕೂತಾಯ್ತು ಗೌಡ್ರೇ. ಸೈಲೆನ್ಸರ್ ಯಾವುದು ಹಾಕೋದು ಅನ್ನೋದೇ ಈಗ ಯೋಚನೆ."

ನಾನು ಕಟ್ಟುತ್ತಿರುವುದು ವ್ಯಾನ್ಸ್ ಕಂಪನಿಯ ಆರ್‌ವಿ-7. ಪಕ್ಕಪಕ್ಕ ಇಬ್ಬರು ಕೂರುವ ವಿಮಾನ. ಕಿಟ್ ತಯಾರಾಗುವುದು ಇಲ್ಲೇ ಅರೋರಾ ಊರಿನಲ್ಲಿ. ಮೂತಿಯಲ್ಲಿ 180 ಅಶ್ವಶಕ್ತಿಯ ಲೈಕಮಿಂಗ್ ಓ-360. ಬಾಯಿಮಾತಿಗೆ ಸೈಲೆನ್ಸರ್ ಅಂದೆವಷ್ಟೆ, ಸದ್ದಡಗಿಸುವ ಡಬ್ಬ ಇದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಬರೀ ಕೊಳವೆಗಳು.

"ಸಿಲಿಂಡರ್ ಎಷ್ಟು?"

"ನಾಲ್ಕು. ಬಲಕ್ಕೆ 1, 3. ಎಡಕ್ಕೆ 2, 4. ಫೈರಿಂಗ್ ಆರ್ಡರ್ 1-3-2-4."

"ನಮ್ಮ ಆರು ಸಿಲಿಂಡರ್ ಬಸ್ಸಿಂದು 1-5-3-6-2-4" ಎನ್ನುತ್ತಾ ಗೌಡರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬೇಲಿಯ ಹಲಗೆಯ ಮೇಲೆ ನಾಲ್ಕು ಸೊನ್ನೆ ಬರೆದರು. ಸರದಿಯಂತೆ ಬೆರಳಾಡಿಸಿದರು. "ಹಂಗಾದ್ರೆ ಬಲಗಡೆಯವು ಎರಡೂ ಒಂದರ ಹಿಂದೊಂದು ಉಸಿರು ಬಿಡ್ತವೆ. ಆಮೇಲೆ ಎಡಗಡೆಯವು. ಒಂದೇ ಪಕ್ಕದವನ್ನ ಒಂದು ಪೈಪಿಗೆ ಸೇರಿಸಿದ್ರೆ ಬಾಗಿಲಲ್ಲಿ ತಳ್ಳಾಟ ಆಗಲ್ವಾ?"

ನಾನು ವಾರಗಟ್ಟಲೆ ಓದಿ ತಿಳಿದದ್ದನ್ನು ಅವರು ನಾಲ್ಕು ಸೊನ್ನೆಯಲ್ಲಿ ಹಿಡಿದಿದ್ದರು. ಅದಕ್ಕೇ ಕ್ರಾಸ್ಓವರ್ ಎಂಬ ಜೋಡಣೆ ಇರುವುದು: ಮುಂದಿನ 1, 2 ಒಂದು ಕೊಳವೆಗೆ, ಹಿಂದಿನ 3, 4 ಇನ್ನೊಂದಕ್ಕೆ. ಆಗ ಒಂದೇ ಕೊಳವೆಯ ಎರಡು ಉಸಿರುಗಳ ನಡುವೆ ಕ್ರ್ಯಾಂಕು ಪೂರ್ತಿ ಒಂದು ಸುತ್ತು ತಿರುಗಿರುತ್ತದೆ. ಒಂದರ ಹೊಗೆ ಇನ್ನೊಂದಕ್ಕೆ ಅಡ್ಡಬರುವುದಿಲ್ಲ. ನಾಲ್ಕನ್ನೂ ಒಂದೇ ಕೊಳವೆಗೆ ತರುವ ಬಗೆಯೂ ಉಂಟು. ಉದ್ದಗಳನ್ನು ಸರಿಯಾಗಿ ಹೊಂದಿಸಿದರೆ ಶಕ್ತಿ ಇನ್ನಷ್ಟು ಸಿಗುತ್ತದೆ, ಆದರೆ ಇಕ್ಕಟ್ಟಾದ ಮೂತಿಯೊಳಗೆ ಜಾಗ ಹೊಂದಿಸುವುದು ಕಷ್ಟ. ನಾಲ್ಕಕ್ಕೂ ಬೇರೆಬೇರೆ ಗಿಡ್ಡ ಕೊಳವೆ ಹಾಕಿದರೆ ತೂಕ ಕಮ್ಮಿ, ಸದ್ದು ಜಾಸ್ತಿ, ಬಿಸಿಗಾಳಿ ಪಡೆಯಲೂ ಜಾಗವಿಲ್ಲ.

"ಬಿಸಿಗಾಳಿ ಯಾಕೆ?"

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಕೊಳವೆಯ ಸುತ್ತ ತಗಡಿನ ಕವಚ ಕಟ್ಟಿ, ಅದರೊಳಗೆ ಕಾದ ಗಾಳಿಯನ್ನೇ ಒಳಗೆ ಕೂತವರ ಕಾಲಿಗೆ ಬಿಡುತ್ತಾರೆ. ಕವಚದೊಳಗಿನ ಕೊಳವೆ ಬಿರಿದರೆ ಆ ಬೆಚ್ಚನೆ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡೂ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ.

"ಬಾಣಂತಿ ಕೋಣೆಗೆ ಕೆಂಡ ಇಟ್ಟು ಬಾಗಿಲು ಹಾಕಿದಂಗೆ" ಎಂದ ಗೌಡರ ದನಿ ತಗ್ಗಿತು.

ಗೆಳೆಯನೊಬ್ಬನ ವಿಮಾನದಿಂದ ಬಿಚ್ಚಿದ ಹಳೆಯ ಕೊಳವೆಯನ್ನು ಬೇಲಿಯ ಮೇಲಿಂದ ಕೊಟ್ಟೆ. ಅವರು ಬಿಸಿಲಿಗೆ ಹಿಡಿದು ತಿರುಗಿಸಿದರು. ವೆಲ್ಡಿಂಗಿನ ಅಂಚಿನಲ್ಲಿ ಕೂದಲೆಳೆಯಂಥ ಗೆರೆ, ಪಕ್ಕದಲ್ಲಿ ಬೂದಿ ಬಳಿದಂತೆ ಕಲೆ. ಉಗುರಿಟ್ಟು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಗುರುತು ಹಾಕಲು ಪೆನ್ಸಿಲ್ ಎತ್ತಿದರು.

"ಇದು ಗುಜರಿ, ಪರವಾಗಿಲ್ಲ. ಒಳ್ಳೇ ಕೊಳವೆಗೆ ಮಾತ್ರ ಪೆನ್ಸಿಲ್ ಮುಟ್ಟಿಸಬಾರದು ಗೌಡ್ರೇ. ಅದರ ಕಾರ್ಬನ್ನು ಕಾದ ಲೋಹದೊಳಗೆ ಇಳಿದು ಅಲ್ಲೇ ಬಿರುಕು ಹುಟ್ಟುತ್ತೆ."

ಅವರು ಪೆನ್ಸಿಲ್ ಜೇಬಿಗಿಳಿಸಿದರು. "ಎಂಜಿನ್ ನಡುಗುತ್ತೆ, ಪೈಪು ನಡುಗದೆ ಬಿಗಿಯಾಗಿ ನಿಂತ್ರೆ ಹಿಂಗೇ. ಎಲ್ಲಿಂದ ನೇತುಹಾಕ್ತೀಯ?"

"ಎಂಜಿನ್ನಿಂದಲೇ, ಎರಡೂ ಒಟ್ಟಿಗೆ ಅಲುಗಲಿ ಅಂತ. ಮಧ್ಯೆ ಬಾಲ್ ಜಾಯಿಂಟು. ಲೋಹ 321 ಸ್ಟೇನ್‌ಲೆಸ್. ಅದರಲ್ಲಿ ಟೈಟಾನಿಯಂ ಬೆರೆತಿರೋದ್ರಿಂದ ಕಾವಿಗೆ ವೆಲ್ಡಿಂಗ್ ಪಕ್ಕ ಬೇಗ ಹಾಳಾಗಲ್ಲ. ಮುಂದೆ ಕಣ್ಣಿಗೆ ಕಾಣೋ ಹಾಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ."

"ಸರಿ, ಕ್ರಾಸ್ಓವರೇ ಇರಲಿ" ಎಂದರು, ತಮ್ಮ ಡಿಪೋದ ಬಸ್ಸಿಗೆ ಸಹಿ ಹಾಕಿದಂತೆ. "ಪರೀಕ್ಷೆ ಹೆಂಗೆ?"

"ವ್ಯಾಕ್ಯೂಮ್ ಕ್ಲೀನರಿನಿಂದ ಹಿಂದಿನಿಂದ ಗಾಳಿ ಊದಿಸಿ, ಸಂದುಸಂದಿಗೂ ಸೋಪಿನ ನೀರು ಹಚ್ಚೋದು. ಗುಳ್ಳೆ ಎದ್ದಲ್ಲಿ ತೂತು."

ಗೌಡರ ಮುಖ ಅರಳಿತು. ಟ್ಯೂಬಿನ ಪಂಕ್ಚರು ಹುಡುಕಿದ ಕೈ ಅದು.

"ಮೊಮ್ಮಗಳ ನಾಮಕರಣ ಮುಗಿಸ್ಕೊಂಡು ಹೊರಡೋಣ ಅಂದ್ಕೊಂಡಿದ್ದೆ. ಪೈಪು ಬರೋಗಂಟ ಇರ್ತೀನಿ. ನೀನು ಗಾಳಿ ಊದ್ಸು, ಸೋಪಿನ ನೀರು ನಾನು ಹಚ್ತೀನಿ. ನಿನ್ನ ಪಕ್ಕದ ಸೀಟಲ್ಲಿ ಮನೆಯವರನ್ನ ಕೂರಿಸ್ಕೊಂಡು ಹೋಗೋನು ನೀನು. ಒಂದು ಗುಳ್ಳೆ ಎದ್ರೂ ಬಿಡಾಕಿಲ್ಲ."