ಸಾಲಶ್ರವಣಶೋಧಕಶಾಸ್ತ್ರ: ಪ್ರಥಮ ಪ್ರಕರಣ

ಇಷ್ಟವನ್ನು ಹಾಯಗೊಟ್ಟು ಅನಿಷ್ಟವನ್ನು ತಡೆಯುವ ವಸ್ತುವಿಗೆ ಶೋಧಕವೆಂದು ಹೆಸರು. 1915ರಲ್ಲಿ ಅಮೆರಿಕದ ಕ್ಯಾಂಬೆಲ್ ಮತ್ತು ಜರ್ಮನಿಯ ವಾಗ್ನರ್ ಪರಸ್ಪರ ನಿರಪೇಕ್ಷರಾಗಿ ವಿದ್ಯುತ್ತರಂಗಶೋಧಕವನ್ನು ಕಂಡುಹಿಡಿದರೆಂಬುದು ಆಧುನಿಕರ ಮತ. ಹಳಿಯಾಳ ಸೀಮೆಯ ಹಿರಿಯರ ಕಿವಿಯನ್ನು ಅವರು ಪರೀಕ್ಷಿಸದ ಕಾರಣ ಈ ಮತ ಅಪೂರ್ಣ.

ಶೋಧಕಗಳು ಚತುರ್ವಿಧ. ಮೊದಲನೆಯದು ನೀಚಾವೃತ್ತಿಪಾರಕ: ಮುಪ್ಪಿನ ಕಿವಿಗೆ ಟ್ರ್ಯಾಕ್ಟರಿನ ಗುಡುಗು ಮುಟ್ಟುತ್ತದೆ, ಮಿಡತೆಯ ಚಿರ್ರೆನ್ನುವಿಕೆ ಮುಟ್ಟದು. ಎರಡನೆಯದು ಉಚ್ಚಾವೃತ್ತಿಪಾರಕ: ನಿದ್ರಿಸುತ್ತಿರುವ ತಾಯಿ ಗಂಡನ ಗೊರಕೆಗೆ ಏಳಳು, ಕೂಸಿನ ಕುಂಯ್‌ಗುಟ್ಟುವಿಕೆಗೆ ಏಳುವಳು. ಮೂರನೆಯದು ಪಟ್ಟಿಪಾರಕ: ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ತನ್ನೂರಿನ ಹೆಸರೊಂದನ್ನೇ ಕೇಳುವ ಪ್ರಯಾಣಿಕ. ನಾಲ್ಕನೆಯದು ಪಟ್ಟಿರೋಧಕ: ಉಳಿದೆಲ್ಲ ಕೇಳಿ ಸಾಲದ ಮಾತೊಂದನ್ನೇ ಕೇಳದ ಹಿರಿಯರ ಕಿವಿ. ಇದೇ ಈ ಶಾಸ್ತ್ರದ ವಿಷಯ, ಉಳಿದವು ಬಾಲಬೋಧೆ.

ಪಟ್ಟಿರೋಧಕದಲ್ಲಿ ಎರಡು ಉಪಭೇದ. ಅವಶೋಷಕದಲ್ಲಿ ತಡೆಯಲ್ಪಟ್ಟ ಶಕ್ತಿ ಒಳಗೇ ಉಷ್ಣವಾಗಿ ಪರಿಣಮಿಸುತ್ತದೆ. ಬಾಹ್ಯಲಕ್ಷಣ, ಎಲೆ ಅಡಿಕೆ ಮೆಲ್ಲುವುದು. ಪ್ರತಿಫಲಕದಲ್ಲಿ ಅದು ಬಂದ ದಾರಿಯಲ್ಲೇ ಮರಳುತ್ತದೆ. ಉದಾಹರಣೆ: “ಕಾಕಾ, ಎರಡ್ ಸಾವಿರ ಇದ್ರ ಕೊಡ್ರಿ.” “ಎರಡ್ ಸಾವಿರ? ನಾನs ನಿನ್ನ ಕೇಳಬೇಕಂತಿದ್ದೆ ನೋಡು.” ಮೊತ್ತ ಯಥಾವತ್, ಪ್ರಾವಸ್ಥೆ ಮಾತ್ರ 180 ಡಿಗ್ರಿ ತಿರುಗಿದೆ. ಸೂಕ್ಷ್ಮತರಂಗಶೋಧಕಗಳಲ್ಲಿ ಬಹುಪಾಲು ಈ ಜಾತಿಯವೇ.

ಇನ್ನು ವಿಶಾಲಪಟ್ಟಿತ್ವ. 2002ರಲ್ಲಿ ಅಮೆರಿಕದ ಸಂಪರ್ಕ ಆಯೋಗ 3.1ರಿಂದ 10.6 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಅತಿವಿಶಾಲಪಟ್ಟಿ ಸಾಧನಗಳಿಗೆ ತೆರೆಯಿತು. ಆದರೆ ಅದರ ನಡುವೆಯೇ, 5.15ರಿಂದ 5.825ರ ವರೆಗೆ, ವೈಫೈ ಬಿಡಾರ ಹೂಡಿದೆ. ಅಕ್ಕಪಕ್ಕಕ್ಕೆ ಗಾಯವಾಗದಂತೆ ಅಷ್ಟನ್ನೇ ಕೆತ್ತಿ ತೆಗೆಯಬೇಕು. ಇದಕ್ಕೆ ಖಾತಕರ್ಮವೆಂದು ಹೆಸರಿಡುತ್ತೇನೆ. ಕಿವಿಯಲ್ಲೂ ಹಾಗೆಯೇ. ಮುಂಡಗೋಡ ತಾಲೂಕಿನಲ್ಲಿ 1966ರಿಂದ ಟಿಬೆಟಿಯನ್ನರ ನೆಲೆಯಿದೆ. ಕನ್ನಡ, ಮರಾಠಿ, ಕೊಂಕಣಿ, ಉರ್ದು, ಟಿಬೆಟಿ ಐದನ್ನೂ ಅಲ್ಲಿಯ ಸಂತೆಯಲ್ಲಿ ಗ್ರಹಿಸುವ ಕಿವಿ ನಿಸ್ಸಂಶಯವಾಗಿ ವಿಶಾಲಪಟ್ಟಿಯದು. ಐದರಲ್ಲಿ ಯಾವುದರಲ್ಲಿ ಕೇಳಿದರೂ ಸಾಲ ಕೇಳಿಸದಿರುವುದು ಖಾತದ ಸಿದ್ಧಿ.

ಜೋಯಿಡಾದ ಕಾಡೊಳಗಿನ ಎಷ್ಟೋ ಊರುಗಳಲ್ಲಿ ಮೊಬೈಲ್ ತರಂಗವೇ ದುರ್ಲಭ. ರೋಧ್ಯವಿಲ್ಲದೆಡೆ ರೋಧಕ ನಿರರ್ಥಕ. ಮಳೆಗಾಲದ ದಾಂಡೇಲಿಯಲ್ಲಿ ಕಾಳಿ ನದಿಯ ಮೊರೆತ ಸರ್ವಪಟ್ಟಿವ್ಯಾಪಿ. ಎರಡನ್ನೂ ಪರಿಶಿಷ್ಟಕ್ಕೆ ಬಿಡಲಾಗಿದೆ.

ಖಾತದ ಅಂಚು ಎಷ್ಟು ಕಡಿದಾಗಿರಬೇಕು? “ಸಾಲ” ನಿಲ್ಲಬೇಕು, “ಸಾಲಿ” ಹಾಯಬೇಕು. “ಅಜ್ಜಾ, ಸಾಲಿ ಬಿಟ್ತು” ಎಂದು ಮೊಮ್ಮಗ ಓಣಿಯ ತುದಿಯಿಂದ ಕೂಗಿದರೂ ಹಿರಿಯರು ಓಗೊಡುತ್ತಾರೆ. “ಕೈಗಡ” ಎಂಬುದು ಸಾಲದ ಪಾರ್ಶ್ವಪಟ್ಟಿ, ಅದೂ ನಿಲ್ಲುತ್ತದೆ. ಇಷ್ಟಸಂಕೇತವೂ ಶೋಧಕದಲ್ಲಿ ತುಸು ಕ್ಷೀಣಿಸುವುದು ನಿಯಮ, ಅದೇ ಪ್ರವೇಶನಷ್ಟ. “ಊಟಕ್ಕ ಏಳ್ರಿ” ಎಂಬ ಸಂಕೇತದಲ್ಲಿ ಮಾತ್ರ ಈ ನಷ್ಟವನ್ನು ನಾನು ಇದುವರೆಗೆ ಕಂಡಿಲ್ಲ.

ಒಂದು ತೊಡಕು ಉಳಿಯಿತು. “ಕಾಕಾ, ಸಾಲ ತೀರಸಾಕ ಬಂದೇನಿ” ಎಂಬ ವಾಕ್ಯ ಖಾತದ ನಟ್ಟನಡುವೆ ಬೀಳುತ್ತದೆ. ಆದರೂ ಪಿಸುಮಾತಿನಲ್ಲಿ ನುಡಿದಾಗಲೂ ಸಂಪೂರ್ಣ ಗ್ರಾಹ್ಯ. ತಾಮ್ರದ ಶೋಧಕ ಆವೃತ್ತಿಯನ್ನಷ್ಟೇ ಬಲ್ಲದು, ಉದ್ದೇಶವನ್ನಲ್ಲ. ಹಳಿಯಾಳದಲ್ಲಿ ಇಂಜಿನಿಯರಿಂಗ್ ಕಾಲೇಜೇ ಇದೆ. ಅಲ್ಲಿಯ ವಿದ್ಯುನ್ಮಾನವಿದರು ಈ ತೊಡಕನ್ನು ಕೈಗೆತ್ತಿಕೊಳ್ಳಬೇಕೆಂದು ಪ್ರಾರ್ಥನೆ. ಕ್ಷೇತ್ರಕಾರ್ಯಕ್ಕೆ ಬರುವವರು ಎರಡು ಸಾವಿರ ರೂಪಾಯಿ ನಗದು ತರತಕ್ಕದ್ದು. ಬರಿಗೈಯಲ್ಲಿ ಈ ಕೊನೆಯ ಪ್ರಯೋಗ ನಡೆಯುವುದಿಲ್ಲ.